ಮನೆತನದ ಲಾಂಛನದಲ್ಲಿರುವ ಸಿಂಹ, ಹಾವು, ಹುಲಿಗಳಿಗೆ ನಿಜವಾಗಿ ಅರ್ಥ ಇದೆಯಾ?

ಕೆಂಟ್_ಕನ್ನಡಿಗ
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಇಂಗ್ಲೆಂಡಿನ ಕೆಂಟ್ ಕಡೆ ಇದ್ದೇನೆ. ಇಲ್ಲಿ ಹಳೆಯ ಬಂಗಲೆ, ಚರ್ಚು, ಪಬ್ಬಿನ ಬೋರ್ಡು, ಎಲ್ಲಿ ನೋಡಿದರೂ ಒಂದು ಗುರಾಣಿ, ಅದರ ಮೇಲೊಂದು ಪ್ರಾಣಿ. ಪ್ರವಾಸಿಗಳ ಅಂಗಡಿಯಲ್ಲಿ ‘ನಿಮ್ಮ ಮನೆತನದ ಲಾಂಛನ’ ಅಂತ ಮಗ್ಗು, ಕೀಚೈನು ಮಾರುತ್ತಾರೆ. ಜೊತೆಗೆ ಒಂದು ಪಟ್ಟಿ ಕೊಡುತ್ತಾರೆ. ಸಿಂಹ ಅಂದ್ರೆ ಧೈರ್ಯ, ಜಿಂಕೆ ಅಂದ್ರೆ ಶಾಂತಿ, ಹಾವು ಅಂದ್ರೆ ಜಾಣತನ, ಕರಡಿ ಅಂದ್ರೆ ಮನೆಯವರನ್ನು ಕಾಯುವ ಶಕ್ತಿ. ಈ ಪಟ್ಟಿ ಎಷ್ಟು ನಿಜ? ಯಾವ ಮನೆತನಕ್ಕೂ ಒಂದು ಕೆಟ್ಟ ಗುಣ ಇಲ್ಲವಲ್ಲ ಅಂತ ಅನುಮಾನ ಬಂತು. ನಮ್ಮ ಗಂಡಭೇರುಂಡಕ್ಕೂ ಹೊಯ್ಸಳರ ಹುಲಿಗೂ ಇದೇ ಥರ ಅರ್ಥ ಇತ್ತಾ? ತಿಳಿದವರು ಹೇಳಿ.

ಗರಡಿ_ಮಂಜ
ನಮ್ಮ ಮನೆತನಕ್ಕೆ ಎಮ್ಮೆ ಹಾಕಿಸಿಕೊಡಿ ಸರ್. ಅರ್ಥ: ಎಷ್ಟು ಬೈದರೂ ಕೇಳಿಸಲ್ಲ.

ಶಾಸನಪ್ರಿಯ
ಪಟ್ಟಿ ಬಹುಪಾಲು ಬುರುಡೆ. ಮಗ್ಗು ಅದಕ್ಕಿಂತ ದೊಡ್ಡ ಬುರುಡೆ. ಇಂಗ್ಲೆಂಡಿನ ಪದ್ಧತಿಯಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಸಿಗುತ್ತದೆ, ಅವನ ವಂಶದಲ್ಲಿ ಇಳಿದು ಬರುತ್ತದೆ. ಒಂದೇ ಅಡ್ಡಹೆಸರು ಇದ್ದ ಮಾತ್ರಕ್ಕೆ ಎಲ್ಲರಿಗೂ ಹಕ್ಕಿಲ್ಲ. ಇದನ್ನು ನೋಡಿಕೊಳ್ಳುವುದು ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್. 1484ರಲ್ಲಿ ಮೂರನೇ ರಿಚರ್ಡ್ ಅದಕ್ಕೆ ಸನ್ನದು ಕೊಟ್ಟ. ಸ್ಕಾಟ್ಲೆಂಡಿಗೆ ಬೇರೆ ಕಚೇರಿ ಇದೆ.

ಶುರುವಾಗಿದ್ದು 12ನೇ ಶತಮಾನದಲ್ಲಿ. ಕಬ್ಬಿಣದ ಶಿರಸ್ತ್ರಾಣ ಹಾಕಿಕೊಂಡ ಸವಾರ ಯಾರು ಅಂತ ದೂರದಿಂದ ಗೊತ್ತಾಗಬೇಕಿತ್ತು. ಅದಕ್ಕೇ ದಪ್ಪ ಗೆರೆ, ಕೆಲವೇ ಬಣ್ಣ. ಚಿನ್ನ ಮತ್ತು ಬೆಳ್ಳಿಯನ್ನು ಲೋಹ ಅಂತಾರೆ, ಉಳಿದ ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಬಣ್ಣಗಳು. ಲೋಹದ ಮೇಲೆ ಲೋಹ ಬರಬಾರದು, ಬಣ್ಣದ ಮೇಲೆ ಬಣ್ಣ ಬರಬಾರದು. ಕಣ್ಣಿಗೆ ಹೊಡೆದು ಕಾಣಲಿ ಅಂತ ಅಷ್ಟೇ. ನೀಲಿ ಸಿಂಹಕ್ಕೆ ಒಂದು ಗುಣ, ಕೆಂಪು ಸಿಂಹಕ್ಕೆ ಇನ್ನೊಂದು ಗುಣ ಅನ್ನುವುದೆಲ್ಲ ಆಮೇಲೆ ಪುಸ್ತಕ ಬರೆದವರು ಸೇರಿಸಿದ್ದು.

1128ರಲ್ಲಿ ಮೊದಲನೇ ಹೆನ್ರಿ ತನ್ನ ಅಳಿಯ ಆಂಜೂವಿನ ಜೆಫ್ರಿಗೆ ಸಿಂಹಗಳಿದ್ದ ಗುರಾಣಿ ಕೊಟ್ಟ ಅಂತ ದಾಖಲೆ ಇದೆ. ಲ ಮಾನ್ ಊರಿನಲ್ಲಿರುವ ಅವನ ಸಮಾಧಿಯ ಎನಾಮಲ್ ಫಲಕದಲ್ಲೂ ನೀಲಿ ಗುರಾಣಿ, ಚಿನ್ನದ ಸಿಂಹಗಳು. ಜೆಫ್ರಿಯ ಮೊಮ್ಮಗ ವಿಲಿಯಂ ಲಾಂಗ್‌ಎಸ್ಪೇ ಸಮಾಧಿ ಸಾಲ್ಸ್‌ಬರಿ ಚರ್ಚಿನಲ್ಲಿದೆ, ಅಲ್ಲೂ ಅದೇ ಸಿಂಹಗಳು. ಅಂದ್ರೆ ಆ ಸಿಂಹ ಹೇಳುತ್ತಿದ್ದ ಮಾತು ‘ನಾನು ಧೈರ್ಯಶಾಲಿ’ ಅಂತಲ್ಲ. ‘ನಾನು ಇವರ ಮನೆಯವನು’ ಅಂತ.

ಪುಟ್ಟಗೌರಿ
ಹಾಗಿದ್ರೆ ಪ್ರಾಣಿ ಆರಿಸುವಾಗ ಏನೂ ಯೋಚನೆ ಮಾಡ್ತಾ ಇರಲಿಲ್ವಾ? ಸುಮ್ನೆ ಕಣ್ಣುಮುಚ್ಚಿ ಒಂದನ್ನು ತಗೊಳ್ತಿದ್ರಾ?

ಶಾಸನಪ್ರಿಯ
ಯೋಚನೆ ಮಾಡುತ್ತಿದ್ದರು ಮೇಡಂ. ಆದರೆ ಎಷ್ಟೋ ಸಲ ಅದು ಹೆಸರಿನ ಮೇಲಿನ ಶ್ಲೇಷೆ. ಬರ್ನ್, ಬರ್ಲಿನ್ ಎರಡೂ ಊರಿಗೆ ಕರಡಿಯೇ ಲಾಂಛನ, ಏಕೆಂದರೆ ಜರ್ಮನ್ ಭಾಷೆಯಲ್ಲಿ ಕರಡಿಯ ಹೆಸರು ಊರಿನ ಹೆಸರಿನ ಹಾಗೇ ಕೇಳಿಸುತ್ತದೆ. ಎರಡನೇ ಎಲಿಜಬೆತ್ ರಾಣಿಯ ತಾಯಿ ಬೋಸ್-ಲಯನ್ ಮನೆತನದವರು, ಅವರ ಗುರಾಣಿಯಲ್ಲಿ ಬಿಲ್ಲು ಮತ್ತು ಸಿಂಹ. ಶೇಕ್ಸ್‌ಪಿಯರ್ ತಂದೆಗೆ 1596ರಲ್ಲಿ ಬರೆದುಕೊಟ್ಟ ಲಾಂಛನದಲ್ಲಿ ಗುರಾಣಿ ತುಂಬ ಒಂದು ಭರ್ಜಿ, ಶಿರಸ್ತ್ರಾಣದ ಮೇಲೆ ಭರ್ಜಿ ಹಿಡಿದ ಡೇಗೆ, ಅಂದ್ರೆ ಗಿಡುಗದಂಥ ಬೇಟೆಹಕ್ಕಿ. ‘ಭರ್ಜಿ ಝಳಪಿಸುವವ’ ಅನ್ನುವ ಹೆಸರಿಗೆ ಇದಕ್ಕಿಂತ ನೇರವಾದ ಚಿತ್ರ ಬೇಕಾ? ಪಟ್ಟಿ ಹಿಡಿದು ಕೂತರೆ ಡೇಗೆಗೆ ದೂರದೃಷ್ಟಿ, ಭರ್ಜಿಗೆ ಶೌರ್ಯ ಅಂತ ಬರೆದುಕೊಂಡು ಹೋಗುತ್ತೀರಿ, ತಮಾಷೆ ಕೈತಪ್ಪುತ್ತದೆ.

ಹಾಸನದ_ಹುಡುಗಿ
ಎಲ್ಲವೂ ಶ್ಲೇಷೆ ಅನ್ನೋಕಾಗಲ್ಲ ಸರ್. ಪೆಲಿಕನ್ ಹಕ್ಕಿ ತನ್ನ ಎದೆ ಕುಕ್ಕಿ ರಕ್ತ ಬರಿಸಿ ಮರಿಗಳಿಗೆ ಕುಡಿಸುತ್ತಿರುವ ಚಿತ್ರ ಇದೆಯಲ್ಲ, ಅದಕ್ಕೆ ಖಚಿತವಾದ ಅರ್ಥವೇ ಇದೆ. ಕ್ರಿಸ್ತನ ತ್ಯಾಗ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡೂ ಕಡೆ ಕಾರ್ಪಸ್ ಕ್ರಿಸ್ಟಿ ಕಾಲೇಜಿನವರು ಅದನ್ನು ಇಟ್ಟುಕೊಂಡಿದ್ದಾರೆ. ಅಮೆರಿಕದ ಲೂಸಿಯಾನಾ ರಾಜ್ಯದ ಬಾವುಟದಲ್ಲೂ ಅದೇ.

ಇನ್ನೊಂದು, ಒಂಟಿಕಾಲಲ್ಲಿ ನಿಂತ ಕೊಕ್ಕರೆ. ಎತ್ತಿದ ಕಾಲಿನಲ್ಲಿ ಒಂದು ಕಲ್ಲು ಹಿಡಿದಿರುತ್ತದೆ. ನಿದ್ದೆ ಬಂದರೆ ಕಲ್ಲು ಬೀಳುತ್ತದೆ, ಎಚ್ಚರ ಆಗುತ್ತದೆ. ಕಾವಲಿನ ಗುರುತು. ಉಷ್ಟ್ರಪಕ್ಷಿಯನ್ನು ಬಾಯಲ್ಲಿ ಕುದುರೆ ಲಾಳ ಕಚ್ಚಿಕೊಂಡ ಹಾಗೆ ಬರೆಯುತ್ತಾರೆ, ಅದು ಕಬ್ಬಿಣವನ್ನೂ ಅರಗಿಸಿಕೊಳ್ಳುತ್ತೆ ಅಂತ ಆಗಿನವರು ನಂಬಿದ್ದರು. ಇವೆಲ್ಲ ಮಧ್ಯಕಾಲದ ಪ್ರಾಣಿಕತೆಗಳ ಹಸ್ತಪ್ರತಿಗಳಿಂದ ಬಂದವು. ಪ್ರಾಣಿಯನ್ನು ಕಣ್ಣಾರೆ ನೋಡಿ ಬರೆದಿದ್ದಲ್ಲ.

ಶಾಸನಪ್ರಿಯ
ಒಪ್ಪಿದೆ. ಕತೆ ಮೊದಲೇ ಇದ್ದ ಪ್ರಾಣಿಗೆ ಅರ್ಥವೂ ಅಂಟಿಕೊಂಡೇ ಬರುತ್ತದೆ. ಸಿಂಹ, ಹದ್ದು, ಕರಡಿಗೆ ಹಾಗಿಲ್ಲ. ಅವು ಎಲ್ಲರ ಗುರಾಣಿಯಲ್ಲೂ ಇವೆ.

ಗರಡಿ_ಮಂಜ
ಕರಡಿ ಬಂತಲ್ಲ, ಒಂದು ಕತೆ. ಸ್ವಿಟ್ಜರ್ಲೆಂಡಿನ ಅಪೆನ್‌ಝೆಲ್ ಸೀಮೆಯ ಲಾಂಛನ ಗಂಡು ಕರಡಿ. ಗಂಡು ಅಂತ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಲೇಬೇಕು. 1579ರಲ್ಲಿ ಪಕ್ಕದ ಸೇಂಟ್ ಗ್ಯಾಲನ್‌ನಲ್ಲಿ ಅಚ್ಚಾದ ಕ್ಯಾಲೆಂಡರಿನಲ್ಲಿ ‘ಅದನ್ನು’ ಬರೆಯೋದು ಬಿಟ್ಟಿದ್ದರು. ನಮ್ಮ ಕರಡಿಯನ್ನು ಹೆಣ್ಣು ಮಾಡಿದ್ರಿ ಅಂತ ಅಪೆನ್‌ಝೆಲ್‌ನವರು ಯುದ್ಧಕ್ಕೇ ಹೊರಟಿದ್ದರಂತೆ. ಕೊನೆಗೆ ಕ್ಷಮೆ ಕೇಳಿ, ಕ್ಯಾಲೆಂಡರ್ ನಾಶ ಮಾಡಿ ರಾಜಿ ಆಯ್ತು.

ನಾಣ್ಯದ_ಚೀಲ
ಮಂಜಣ್ಣ 😂

ನನ್ನ ಕಡೆಯಿಂದ ಒಂದು ಮಾತು. ಪ್ರಾಣಿಗೆ ಅರ್ಥ ಏನು ಅಂತ ಕೇಳುವುದಕ್ಕಿಂತ, ಅದು ಯಾರ ಮೇಲೆ ಬಿದ್ದಿದೆ, ಯಾರಿಂದ ಕಿತ್ತುಕೊಂಡದ್ದು ಅಂತ ಕೇಳಿದರೆ ಜಾಸ್ತಿ ವಿಷಯ ಸಿಗುತ್ತದೆ. ಮಿಲಾನಿನ ವಿಸ್ಕೊಂಟಿ ಮನೆತನದ ಲಾಂಛನ ನೋಡಿ. ಕಿರೀಟ ಹೊತ್ತ ಹಾವು, ಅದರ ಬಾಯಲ್ಲಿ ಅರ್ಧ ಹೊರಗಿರುವ ಮನುಷ್ಯ. ಆಲ್ಫಾ ರೋಮಿಯೋ ಕಾರಿನ ಮುಂದೆ ಇರುವುದು ಅದೇ ಹಾವು. ಅವರ ಮನೆತನದ ಕತೆ ಪ್ರಕಾರ, ಶಿಲುಬೆ ಯುದ್ಧಕ್ಕೆ ಹೋದ ಒಟ್ಟೋ ಅನ್ನುವವನು ಒಬ್ಬ ಸಾರಸೆನ್ (ಮುಸ್ಲಿಂ) ಯೋಧನನ್ನು ಕೊಂದು ಅವನ ಗುರಾಣಿಯ ಚಿತ್ರವನ್ನೇ ತನ್ನದು ಮಾಡಿಕೊಂಡ. ಕತೆ ನಿಜ ಅಂತ ನಾನು ಹೇಳುವುದಿಲ್ಲ. ಆದರೆ ಇಂಥ ಕತೆ ಕಟ್ಟಿಕೊಳ್ಳಬೇಕು ಅಂತ ಅವರಿಗೆ ಅನ್ನಿಸಿತಲ್ಲ, ಅದು ಮುಖ್ಯ.

ಇದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಂಪನಿ ಸೈನ್ಯದ ದಂಡನಾಯಕ ಜಾರ್ಜ್ ಹ್ಯಾರಿಸ್. 1815ರಲ್ಲಿ ಅವನಿಗೆ ಬ್ಯಾರನ್ ಪದವಿ ಸಿಕ್ಕಿತು. ಪದವಿಯ ಹೆಸರಲ್ಲೇ ಶ್ರೀರಂಗಪಟ್ಟಣ, ಮೈಸೂರು ಎರಡೂ ಇವೆ. ಅವನ ಲಾಂಛನದ ತಲೆಯ ಮೇಲಿನ ಚಿಹ್ನೆ ಏನು ಗೊತ್ತಾ? ಕೋಟೆ ಗೋಡೆಯ ಆಕಾರದ ಕಿರೀಟ, ಅದರ ಮೇಲೆ ಒಂದು ಹುಲಿ. ಹಸಿರು ಹುಲಿ, ಚಿನ್ನದ ಪಟ್ಟೆ. ಎದೆಗೆ ಬಾಣ ನಾಟಿದೆ, ಗಾಯದಿಂದ ರಕ್ತ. ಹಣೆಯ ಮೇಲೆ ಪರ್ಷಿಯನ್ ಅಕ್ಷರದಲ್ಲಿ ‘ಹೈದರ್’. ತಲೆ ಮೇಲೆ ಪೂರ್ವದೇಶದ ಕಿರೀಟ.

ಇದನ್ನು ಆ ಪಟ್ಟಿಯಲ್ಲಿ ಹುಡುಕಿದರೆ ‘ಹುಲಿ: ಉಗ್ರತೆ, ಶೌರ್ಯ’ ಅಂತ ಸಿಗಬಹುದು. ಯಾರ ಶೌರ್ಯ ಸ್ವಾಮಿ? ಅದು ಹ್ಯಾರಿಸ್‌ನ ಹುಲಿ ಅಲ್ಲ. ಅವನು ಬೇಟೆ ಆಡಿದ ಹುಲಿ. ಗೋಡೆಗೆ ನೇತುಹಾಕಿದ ತಲೆ ಇದ್ದ ಹಾಗೆ.

ಕೆಂಟ್_ಕನ್ನಡಿಗ
ಅಯ್ಯೋ, ಹ್ಯಾರಿಸ್ ಮನೆತನದ ಬಂಗಲೆ ಬೆಲ್ಮಾಂಟ್ ಇರೋದು ಇದೇ ಕೆಂಟ್‌ನಲ್ಲಿ, ಫ್ಯಾವರ್‌ಶಮ್ ಹತ್ತಿರ! ಗಡಿಯಾರಗಳ ಸಂಗ್ರಹಕ್ಕೆ ಹೆಸರುವಾಸಿ. ಕ್ರಿಕೆಟ್ ಹುಚ್ಚಿನ ಲಾರ್ಡ್ ಹ್ಯಾರಿಸ್, ಬೊಂಬಾಯಿ ಗವರ್ನರ್ ಆಗಿದ್ದವನು, ಇದೇ ವಂಶ. ಹಸಿರು ಹುಲಿ ಯಾಕೆ ಅಂತ ಹೇಳಿ ಸರ್. ಟಿಪ್ಪುವಿನ ಬಾವುಟದ ಬಣ್ಣ ಅಂತಲಾ?

ನಾಣ್ಯದ_ಚೀಲ
ಬಣ್ಣಕ್ಕೆ ಕಾರಣ ದಾಖಲೆಯಲ್ಲಿ ನಾನು ನೋಡಿಲ್ಲ, ಊಹೆ ಮಾಡಲ್ಲ. ಆದರೆ ಹುಲಿ ಯಾಕೆ ಅನ್ನುವುದು ನಿಚ್ಚಳ. ಟಿಪ್ಪು ತನ್ನ ಸುತ್ತ ಎಲ್ಲವನ್ನೂ ಹುಲಿ ಮಾಡಿಟ್ಟಿದ್ದ. ಸಿಂಹಾಸನದಲ್ಲಿ ಚಿನ್ನದ ಹುಲಿತಲೆ, ಸೈನಿಕರ ಬಟ್ಟೆಗೆ ಬಬ್ರಿ ಅನ್ನುವ ಹುಲಿಪಟ್ಟೆ, ಫಿರಂಗಿ ಬಾಯಿಗೆ ಹುಲಿಮುಖ. ಬಿಳಿಯನ ಮೇಲೆ ಎರಗಿದ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಗೆದ್ದ ಮೇಲೆ ಕಂಪನಿಯವರು ಸೈನಿಕರಿಗೆ ಪದಕ ಹೊಡೆಸಿದರು. ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯ ಕೆಲಸ. ಒಂದು ಮುಖದಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಮೇಲಿನ ಬಾವುಟದಲ್ಲಿ ಅರಬ್ಬಿ ಬರಹ, ‘ಅಸದ್ ಅಲ್ಲಾ ಅಲ್ ಗಾಲಿಬ್’. ದೇವರ ಸಿಂಹ ವಿಜಯಿ ಅಂತ. ತಮಾಷೆ ಏನಂದ್ರೆ ಆ ಬರಹ ಟಿಪ್ಪುವಿನದೇ. ಅದೇ ಅಕ್ಷರಗಳನ್ನು ಹುಲಿಮುಖದ ಆಕಾರದಲ್ಲಿ ಬರೆಸಿ ತನ್ನ ಆಯುಧ, ಬಾವುಟಗಳಿಗೆ ಹಾಕಿಸಿದ್ದ. ಹುಲಿಯನ್ನೂ ಕಿತ್ತುಕೊಂಡರು, ಅದರ ಮಂತ್ರವನ್ನೂ ಕಿತ್ತುಕೊಂಡರು.

ಪುಟ್ಟಗೌರಿ
ಇಲ್ಲಿ ಒಂದು ಸೇರಿಸ್ತೀನಿ. ಸೋತವರನ್ನು ತಲೆ ಮೇಲೆ ಹೊರೋದು ಪ್ರಾಣಿಗೆ ಮಾತ್ರ ಅಲ್ಲ. ಜಾನ್ ಹಾಕಿನ್ಸ್ ಅಂತ ಇಂಗ್ಲೆಂಡಿನ ನಾವಿಕ, ಆಫ್ರಿಕಾದ ಜನರನ್ನು ಹಿಡಿದು ಮಾರಿದವನು. 1565ರಲ್ಲಿ ಅವನಿಗೆ ಸಿಕ್ಕ ಲಾಂಛನದ ತಲೆಯ ಮೇಲೆ ಹಗ್ಗದಲ್ಲಿ ಬಿಗಿದ ಒಬ್ಬ ಕಪ್ಪು ಮನುಷ್ಯ. ಸುತ್ತುಬಳಸು ಏನೂ ಇಲ್ಲ. ವ್ಯಾಪಾರದ ಬೋರ್ಡು.

ಬೆಡಗು_ಬಸವ
ಈ ಗುರಾಣಿ ಕತೆ ಓದ್ತಾ ನಮ್ಮ ಬೆಡಗು ನೆನಪಾಯ್ತು. ಕುರುಬರಲ್ಲಿ ಆನೆ, ಅರಿಶಿನ, ಜೀರಿಗೆ ಅಂತೆಲ್ಲ ಬೆಡಗುಗಳಿವೆ. ಇನ್ನೂ ಹಲವು ಸಮುದಾಯಗಳಲ್ಲೂ ಇಂಥವು ಇವೆ. ತುಳುನಾಡಿನಲ್ಲಿ ತಾಯಿ ಕಡೆಯಿಂದ ಬರುವ ಬಳಿ ಇದೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಹೆಣ್ಣು ಕೊಟ್ಟು ತರುವಂತಿಲ್ಲ. ಮನೆತನಕ್ಕೆ ಪ್ರಾಣಿ ಇರುವುದು ಯುರೋಪಿನವರಿಗೆ ಮಾತ್ರ ಅಲ್ಲ.

ಆದರೆ ವ್ಯತ್ಯಾಸ ಇದೆ. ಬೆಡಗಿನ ಪ್ರಾಣಿಯನ್ನು ಕೊಲ್ಲಬಾರದು, ಗಿಡವನ್ನು ಕಡಿಯಬಾರದು ಅನ್ನುವ ನೇಮ. ಅದನ್ನು ಯಾರೂ ಬಾಗಿಲ ಮೇಲೆ ಬರೆಸಲ್ಲ. ಅಲ್ಲಿ ತೋರಿಸಿಕೊಳ್ಳೋದು, ಇಲ್ಲಿ ನಡೆದುಕೊಳ್ಳೋದು.

ಶಾಸನಪ್ರಿಯ
ಬಸವಣ್ಣ ಒಳ್ಳೇ ಮಾತು ತೆಗೆದರು. ಯುರೋಪಿನ ಲಾಂಛನಕ್ಕೆ ನಮ್ಮಲ್ಲಿ ಹತ್ತಿರ ಬರುವುದು ರಾಜಮನೆತನಗಳ ಮುದ್ರೆಗಳು. ತಲಕಾಡಿನ ಗಂಗರ ತಾಮ್ರಪಟಗಳ ಮುದ್ರೆಯಲ್ಲಿ ಆನೆ. ಕದಂಬರದು ಸಿಂಹ, ಬಾವುಟದಲ್ಲಿ ವಾನರ. ರಾಷ್ಟ್ರಕೂಟರ ಮುದ್ರೆಗಳಲ್ಲಿ ಹೆಚ್ಚಾಗಿ ಗರುಡ. ಬಾದಾಮಿ ಚಾಲುಕ್ಯರದು ವರಾಹ, ನಾರಾಯಣನ ಪ್ರಸಾದದಿಂದ ಪಡೆದದ್ದು ಅಂತ ಅವರ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ.

ಈ ವರಾಹದ ಹಾದಿ ಹಿಡಿದರೆ ನಾಣ್ಯದ_ಚೀಲ ಅವರ ಮಾತು ಇನ್ನೊಂದು ಕಡೆಯಿಂದ ಕಾಣುತ್ತದೆ. ಬಾದಾಮಿಯವರಿಂದ ವೆಂಗಿಯ ಚಾಲುಕ್ಯರಿಗೆ ಹೋಯಿತು, ಅದು ಮನೆತನದ ಕವಲು, ಸರಿ. ಮುಂದೆ ವಿಜಯನಗರದವರು ಅದನ್ನೇ ಎತ್ತಿಕೊಂಡರು. ಹಂಪಿಯಲ್ಲಿ ವರಾಹ, ಖಡ್ಗ, ಸೂರ್ಯ, ಚಂದ್ರ ಒಟ್ಟಿಗೆ ಕೆತ್ತಿರುವುದನ್ನು ನೋಡಿರುತ್ತೀರಿ. ಚಿನ್ನದ ನಾಣ್ಯದ ಹೆಸರೇ ವರಾಹ ಆಯಿತು. ವಿಜಯನಗರದವರು ಚಾಲುಕ್ಯರ ರಕ್ತಸಂಬಂಧಿಗಳೇನಲ್ಲ. ದಕ್ಷಿಣವನ್ನು ಹಿಂದೆ ಆಳಿದ ದೊಡ್ಡವರ ಕುರ್ಚಿ ಈಗ ನಮ್ಮದು ಅಂತ ಹೇಳುವ ದಾರಿ ಅದು. ಭೂಮಿಯನ್ನು ಎತ್ತಿದ ವಿಷ್ಣು ಅನ್ನುವ ಅರ್ಥ ಖಂಡಿತ ಇತ್ತು. ಆದರೆ ಮುದ್ರೆ ನೋಡಿದ ಸಾಮಂತನಿಗೆ ಮೊದಲು ಮುಟ್ಟುತ್ತಿದ್ದದ್ದು ಈ ಹಕ್ಕಿನ ಮಾತು ಅಂತ ನನ್ನ ಅಭಿಪ್ರಾಯ.

ಹಾಸನದ_ಹುಡುಗಿ
ಹೊಯ್ಸಳರ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ನಾನೇ ಬಂದೆ. ಸಳನ ಕತೆ ಎಲ್ಲರಿಗೂ ಗೊತ್ತು. ಸೊಸೆವೂರಿನ ವಾಸಂತಿಕಾ ಗುಡಿ, ಸುದತ್ತ ಮುನಿ, ‘ಪೊಯ್ ಸಳ’. ಬೇಲೂರಿನ ಬಾಗಿಲ ಪಕ್ಕದಲ್ಲೇ ಆ ಶಿಲ್ಪ ಇದೆ. ಚೋಳರ ಲಾಂಛನ ಹುಲಿ ಅಲ್ವಾ? ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿ ‘ತಲಕಾಡುಗೊಂಡ’ ಆದ. ಆ ಗೆಲುವೇ ಹುಲಿ ಕೊಲ್ಲುವ ಚಿತ್ರ ಆಗಿದೆ ಅಂತ ಒಂದು ವಾದ ಇದೆ. ಹ್ಯಾರಿಸ್‌ನ ಹುಲಿಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ.

ಶಾಸನಪ್ರಿಯ
ವಾದ ಚೆನ್ನಾಗಿದೆ, ಆದರೆ ಪೂರ್ತಿ ಕೂರಲ್ಲ. ಪೊಯ್ಸಳ ಅನ್ನುವ ಹೆಸರು ತಲಕಾಡಿನ ಯುದ್ಧಕ್ಕಿಂತ ಮುಂಚಿನ ಶಾಸನಗಳಲ್ಲೇ ಇದೆ.

ಹಾಸನದ_ಹುಡುಗಿ
ಹೆಸರು ಹಳೆಯದು, ಒಪ್ಪಿದೆ. ನಾನು ಹೇಳ್ತಿರೋದು ಚಿತ್ರದ ಬಗ್ಗೆ. ಅಷ್ಟು ದೊಡ್ಡದಾಗಿ ಗುಡಿಯ ಮುಂದೆ, ಗೋಪುರದ ಮೇಲೆ ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದ್ದು ಚೋಳರನ್ನು ಓಡಿಸಿದ ಮೇಲೆ ತಾನೇ? ಹಳೇ ಹೆಸರಿಗೆ ಹೊಸ ಕೆಲಸ ಸಿಕ್ಕಿತು. ಜೊತೆಗೆ ಆ ಪ್ರಾಣಿಗೆ ಜೂಲು ಇದೆ, ಮುಖ ಸಿಂಹದ್ದು. ಗೈಡುಗಳು ಹುಲಿ ಅಂತಾರೆ, ಪುಸ್ತಕದವರು ಶಾರ್ದೂಲ ಅಂತಾರೆ. ಶಿಲ್ಪಿಗೆ ಕಾಡಿನ ಹುಲಿ ತೋರಿಸೋ ಉದ್ದೇಶವೇ ಇರಲಿಲ್ಲ ಅನ್ಸುತ್ತೆ.

ನಾಣ್ಯದ_ಚೀಲ
ಇದು ಯುರೋಪಿಗೂ ಅನ್ವಯಿಸುತ್ತದೆ. ಅವರ ಹಳೆಯ ಲಾಂಛನಗಳಲ್ಲಿ ‘ಟೈಗರ್’ ಅಂತ ಬರೆಯುತ್ತಿದ್ದ ಪ್ರಾಣಿಗೆ ಪಟ್ಟೆಯೇ ಇಲ್ಲ. ಸಿಂಹದ ಮೈ, ಮೂತಿಯ ತುದಿಯಲ್ಲಿ ಕೆಳಕ್ಕೆ ಬಾಗಿದ ಕೋರೆ. ಭಾರತಕ್ಕೆ ಬಂದು ನಿಜವಾದ ಹುಲಿ ನೋಡಿದ ಮೇಲೆ ಅದಕ್ಕೆ ಬೇರೆ ಹೆಸರು ಬೇಕಾಯಿತು. ರಾಯಲ್ ಟೈಗರ್, ಬೆಂಗಾಲ್ ಟೈಗರ್ ಅಂತ ಕರೆದರು. ಹ್ಯಾರಿಸ್‌ನದು ಈ ಎರಡನೇ ಜಾತಿ.

ಕೆಂಟ್_ಕನ್ನಡಿಗ
ಗಂಡಭೇರುಂಡ ಬಾಕಿ ಇದೆ. ರಷ್ಯಾ, ಆಸ್ಟ್ರಿಯಾದ ಎರಡು ತಲೆ ಹದ್ದಿಗೂ ಇದಕ್ಕೂ ನಂಟಿದೆಯಾ? ಇಲ್ಲಿನ ಗೆಳೆಯರು ಕೇಳ್ತಾ ಇರ್ತಾರೆ.

ಶಾಸನಪ್ರಿಯ
ಎರಡು ತಲೆಯ ಹಕ್ಕಿ ತುಂಬ ಹಳೆಯ ಚಿತ್ರ. ತಕ್ಷಶಿಲೆಯ ಸಿರ್ಕಾಪ್‌ನಲ್ಲಿ ಒಂದು ಸ್ತೂಪದ ಮೇಲಿದೆ. ರಷ್ಯಾಕ್ಕೆ ಅದು ಬಂದದ್ದು ಮೂರನೇ ಇವಾನನ ಕಾಲದಲ್ಲಿ. ಅವನು 1472ರಲ್ಲಿ ಬೈಜಾಂಟಿಯಂನ ಕೊನೆಯ ಚಕ್ರವರ್ತಿಯ ತಮ್ಮನ ಮಗಳನ್ನು ಮದುವೆಯಾದ. 1497ರ ಅವನ ಮುದ್ರೆಯಲ್ಲಿ ಎರಡು ತಲೆ ಹದ್ದು ಇದೆ. ಬಿದ್ದುಹೋದ ಸಾಮ್ರಾಜ್ಯದ ವಾರಸುದಾರ ನಾನು ಅಂತ. ನಮ್ಮ ಹಕ್ಕಿ ಇವರಿಂದ ಬಂದಿತು ಅನ್ನುವುದಕ್ಕೆ ಆಧಾರ ಇಲ್ಲ.

ನಮ್ಮದಕ್ಕೆ ಬೇರೆಯೇ ಹಿನ್ನೆಲೆ. ಬಳ್ಳಿಗಾವೆಯ ಭೇರುಂಡೇಶ್ವರ ಕಂಬ 1047ರದ್ದು, ಚಾವುಂಡರಾಯರಸ ನಿಲ್ಲಿಸಿದ್ದು. ಅಲ್ಲಿ ಗಂಡಭೇರುಂಡಕ್ಕೆ ಮನುಷ್ಯನ ಮೈ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಕೊಕ್ಕಿನಲ್ಲಿ, ಉಗುರಿನಲ್ಲಿ ಆನೆಗಳನ್ನು ಹಿಡಿದು ಹಾರುತ್ತದೆ. ಕೆಳದಿಯ ರಾಮೇಶ್ವರ ಗುಡಿಯ ಛಾವಣಿಯಲ್ಲೂ ಇದೆ.

ಅರ್ಥ ಬೇಕಾದರೆ ಬೇಲೂರಿಗೆ ಹೋಗಿ. ಚೆನ್ನಕೇಶವ ಗುಡಿಯಲ್ಲಿ ಒಂದು ಸಾಲು ಇದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ. ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನೋಡುತ್ತಿದ್ದಾನೆ. ಗಂಡಭೇರುಂಡಕ್ಕೆ ಸ್ವಂತ ಗುಣ ಅಂತ ಒಂದೂ ಹೇಳಿಲ್ಲ. ಆ ಸಾಲಿನ ಕೊನೆಯಲ್ಲಿರುವುದೇ ಅದರ ಅರ್ಥ. ನೀನು ಯಾವ ಪ್ರಾಣಿಯ ಬಾವುಟ ಹಿಡಿದು ಬಂದರೂ ನನ್ನದು ಅದನ್ನು ತಿನ್ನುವಂಥದ್ದು.

ನಾಣ್ಯದ_ಚೀಲ
ಸೂಪರ್ ಸರ್. ಮೈಸೂರು ಅರಸರ ಸನ್ನದುಗಳಲ್ಲಿ ಬರುವ ಬಿರುದಿನ ಸಾಲೂ ಹಾಗೇ. ‘ಶಂಖ ಚಕ್ರಾಂಕುಶ ಕುಠಾರ ಮಕರ ಮತ್ಸ್ಯ ಶರಭ ಸಾಳ್ವ ಗಂಡಭೇರುಂಡ ಧರಣೀವರಾಹ ಹನುಮ ಗರುಡ ಕಂಠೀರವ’. ದಕ್ಷಿಣದ ಎಲ್ಲ ಮನೆತನಗಳ ಪ್ರಾಣಿಗಳೂ ಒಂದೇ ಚೀಲದಲ್ಲಿ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣ ತೆಗೆದುಕೊಂಡರಲ್ಲ, ಆ ವಾರಸಿಕೆಯ ಮಾತು ಇದು.

ಅದೆಲ್ಲ ಗುರಾಣಿಯೊಳಗೆ, ಯುರೋಪಿನ ಶೈಲಿಯಲ್ಲಿ ಕೂತಿದ್ದು ಬ್ರಿಟಿಷರ ಕಾಲದಲ್ಲಿ. 1877ರ ದಿಲ್ಲಿ ದರ್ಬಾರಿಗೆ ಅಂತ ರಾಬರ್ಟ್ ಟೇಲರ್ ಎಂಬ ಬಂಗಾಳದ ಸಿವಿಲ್ ಅಧಿಕಾರಿ ಸುಮಾರು 90 ಸಂಸ್ಥಾನಗಳಿಗೆ ಲಾಂಛನ ಬರೆದುಕೊಟ್ಟ. ರೇಷ್ಮೆ ಬಾವುಟಗಳ ಮೇಲೆ ಹೊಲಿಸಿ ವೈಸರಾಯ್ ಲಿಟ್ಟನ್ ಕೈಯಿಂದ ರಾಜರಿಗೆ ಕೊಡಿಸಿದರು. ಎತ್ತಲಾರದಷ್ಟು ಭಾರ ಇದ್ದವಂತೆ. ನೂರಾರು ವರ್ಷದ ಮುದ್ರೆ ಇದ್ದವರಿಗೆ ಲಾಂಛನ ದಯಪಾಲಿಸಿದ್ದು ಅಂತೆ!

ಪುಟ್ಟಗೌರಿ
ಕೊನೇ ಪ್ರಶ್ನೆ. ನಮ್ಮ ರಾಜ್ಯದ ಲಾಂಛನದಲ್ಲಿ ಗಂಡಭೇರುಂಡದ ಎರಡೂ ಬದಿಗೆ ನಿಂತಿರೋದು ಶರಭನಾ, ಗಜಕೇಸರಿನಾ? ಮೈಸೂರ್ ಸ್ಯಾಂಡಲ್ ಸೋಪಿನ ಕವರ್ ಮೇಲೂ ಅದೇ ಇದೆ, ಅಪ್ಪ ಅದನ್ನು ಶರಭ ಅಂತಾರೆ. ಬೇಲೂರಿನ ಸಾಲಿನ ಪ್ರಕಾರ ಶರಭ ಗಂಡಭೇರುಂಡಕ್ಕೆ ಊಟ. ಊಟವೇ ಪಕ್ಕದಲ್ಲಿ ಕಾವಲು ನಿಂತಿದೆಯಾ?

ಶಾಸನಪ್ರಿಯ
ನಿಮ್ಮ ತಂದೆ ಹೇಳಿದ್ದು ಮೈಸೂರಿನ ವಾಡಿಕೆ. ಸೋಪಿನ ಕಾರ್ಖಾನೆಯವರೂ, ವಿಶ್ವವಿದ್ಯಾಲಯದವರೂ ಆನೆ ಮುಖ, ಸಿಂಹದ ಮೈ ಇರುವ ಪ್ರಾಣಿಯನ್ನು ಶರಭ ಅಂತಲೇ ಕರೆಯುತ್ತಾರೆ. ಪುರಾಣದ ಶರಭ ಬೇರೆ. ನರಸಿಂಹನನ್ನು ಅಡಗಿಸಲು ಶಿವ ತಾಳಿದ ರೂಪ, ಎಂಟು ಕಾಲು, ರೆಕ್ಕೆ. ಆ ಕತೆಯನ್ನು ವೈಷ್ಣವರು ಒಪ್ಪಲಿಲ್ಲ. ಶರಭನನ್ನೂ ಮೀರಿಸಲು ನರಸಿಂಹನೇ ಗಂಡಭೇರುಂಡ ಆದ ಅನ್ನುವ ಕತೆ ಅವರದು. ಲಾಂಛನದಲ್ಲಿ ಇರುವುದಕ್ಕೆ ನಾಲ್ಕೇ ಕಾಲು, ಸೊಂಡಿಲು ಇದೆ, ರೆಕ್ಕೆ ಇಲ್ಲ. ಅದಕ್ಕೆ ನಾನು ಗಜಕೇಸರಿ ಅಂತೀನಿ.

ಗರಡಿ_ಮಂಜ
ಸೋಪು ಕರಗಿದ್ರೆ ಎರಡೂ ಒಂದೇ. ನನ್ನ ಎಮ್ಮೆ ಏನಾಯ್ತು ಸರ್?